ಮೀಟರ್ ಇಟ್ಟು ನೋಡದೆ ಎರಡು ಬ್ಯಾಟರಿ ಮಾರಿದ ಸರ್ವಿಸ್ ಕೇಂದ್ರಕ್ಕೆ ದೂರು

ಗೆ,
ಮ್ಯಾನೇಜರ್,
ಬೋಟ್ ಎಂಜಿನ್ ಸರ್ವಿಸ್ ಕೇಂದ್ರ,
ಮಂಗಳೂರು

ವಿಷಯ: ಹಳೆಯ ಬೋಟಿನ ಬ್ಯಾಟರಿ, ಡೈನಮೋ, ಡೀಸೆಲ್ ಫಿಲ್ಟರ್ ಕೆಲಸದಲ್ಲಿ ಆದ ಲೋಪ ಮತ್ತು ಹಣ ವಾಪಸ್ ಬಗ್ಗೆ

ಮಾನ್ಯರೇ,

ನಮ್ಮದು ಕುಂಬಳೆಯ ಫೈಬರ್ ಬೋಟು. ಎರಡು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್, 12 ವೋಲ್ಟಿನ ಸೆಲ್ಫ್ ಸ್ಟಾರ್ಟ್. ಮಳೆಗಾಲ ಕಳೆದು ಬೋಟು ನೀರಿಗೆ ಇಳಿಸಿದ ಮೇಲೆ ನೀವು ನಮಗೆ ಎರಡು ಬ್ಯಾಟರಿ ಮಾರಿದ್ದೀರಿ, ಸೆಲ್ಫ್ ಮೋಟಾರ್ ಬದಲಿಸಿದ್ದೀರಿ, ಡೀಸೆಲ್ ಫಿಲ್ಟರ್ ಹೊಸದು ಹಾಕಿದ್ದೇವೆ ಅಂತ ಬಿಲ್ ಮಾಡಿದ್ದೀರಿ. ತೊಂದರೆ ಮಾತ್ರ ಇದ್ದ ಹಾಗೆಯೇ ಇತ್ತು. ನಿಮ್ಮ ಮೆಕ್ಯಾನಿಕ್ ಒಂದು ಸಲವೂ ಮೀಟರ್ ಇಟ್ಟು ನೋಡಲಿಲ್ಲ. ನನ್ನ ದೂರಿನ ಮೂಲ ಇದೇ.

ಮೊದಲು ಆದದ್ದು ಇಷ್ಟು. ಕೀ ತಿರುಗಿಸಿದರೆ 'ಟಕ್' ಅಂತ ಒಂದು ಶಬ್ದ, ಎಂಜಿನ್ ತಿರುಗುವುದಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದರೆ ಕೆಲವು ಸಲ ಎದ್ದೇಳುತ್ತಿತ್ತು. ನಿಮ್ಮವರು ಬಂದವರೇ ಬ್ಯಾಟರಿ ಹೋಗಿದೆ ಅಂದರು. ಹೊಸದು ಹಾಕಿದರು. ಸ್ವಲ್ಪ ದಿನದಲ್ಲೇ ಮತ್ತೆ ಅದೇ 'ಟಕ್'. ಆಗ ಸೆಲ್ಫ್ ಮೋಟಾರ್ ಹೋಗಿದೆ ಅಂದರು. ಅದನ್ನೂ ಬದಲಿಸಿದೆವು. ಹಳೆಯ ಮೋಟಾರನ್ನು ನಿಮ್ಮವರು ಕೊಂಡೊಯ್ದರು, ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ.

ಮೂರನೆಯ ಭೇಟಿಯಲ್ಲಿ ನಡೆದದ್ದು ಇದಕ್ಕಿಂತ ಕೆಟ್ಟದು. ಎಂಜಿನ್ ಓಡುತ್ತಿರುವಾಗಲೇ ನಿಮ್ಮ ಮೆಕ್ಯಾನಿಕ್ ಬ್ಯಾಟರಿಯ ಕೇಬಲ್ ಕಿತ್ತರು. 'ಎಂಜಿನ್ ನಿಲ್ಲಲಿಲ್ಲ, ನೋಡಿ, ಡೈನಮೋ ಸರಿ ಇದೆ' ಅಂದರು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಇದು ಪರೀಕ್ಷೆಯೇ ಅಲ್ಲ. ಇಂತಹ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಎದ್ದ ಮೇಲೆ ಓಡಲು ಕರೆಂಟೇ ಬೇಕಾಗಿಲ್ಲ. ನಮ್ಮದನ್ನು ನಿಲ್ಲಿಸುವುದೂ ಡೀಸೆಲ್ ಕಟ್ ಮಾಡುವ ತಂತಿ ಎಳೆದೇ. ಡೈನಮೋ ಸತ್ತಿದ್ದರೂ ಅದು ಓಡುತ್ತಲೇ ಇರುತ್ತಿತ್ತು. ಚಾರ್ಜ್ ಆಗುತ್ತಿರುವಾಗ ಬ್ಯಾಟರಿ ತಪ್ಪಿಸಿದರೆ ವೋಲ್ಟೇಜ್ ಒಮ್ಮೆಲೇ ಏರಿ, ಡೈನಮೋ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸುಡಬಹುದು. ನಮ್ಮಲ್ಲಿ ಆದದ್ದೂ ಅದೇ. ಅಲ್ಲಿಯವರೆಗೆ ಎಂಜಿನ್ ಎದ್ದ ಕೂಡಲೇ ಆರುತ್ತಿದ್ದ ಚಾರ್ಜಿಂಗ್ ದೀಪ ಆ ದಿನದಿಂದ ಉರಿಯುತ್ತಲೇ ಇದೆ. ನಾನು ಅಲ್ಲೇ ತೋರಿಸಿದೆ. ದೀಪದ ವಯರ್ ಲೂಸ್ ಇರಬಹುದು ಅಂತ ಹೇಳಿ ಹೊರಟೇ ಹೋದರು.

ಚಾರ್ಜೇ ಆಗದ ಬ್ಯಾಟರಿ ಎಷ್ಟು ದಿನ ಬರುತ್ತದೆ? ಲೈಟು, ಜಿಪಿಎಸ್, ನೀರು ಹೊರಹಾಕುವ ಪಂಪು, ಎಲ್ಲದಕ್ಕೂ ಅದೇ ಬ್ಯಾಟರಿ. ಪೂರ್ತಿ ಇಳಿದು ಹೋಯಿತು. ಪದೇ ಪದೇ ಹಾಗೆ ಇಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯೇ ಕೆಡುತ್ತದೆ. ಗ್ಯಾರಂಟಿ ಕೇಳಿದರೆ ನಿಮ್ಮ ಕೌಂಟರಿನಲ್ಲಿ ಸಿಕ್ಕ ಉತ್ತರ, 'ನೀವು ಪೂರ್ತಿ ಖಾಲಿ ಮಾಡಿದ್ದೀರಿ, ಗ್ಯಾರಂಟಿ ಸಿಗುವುದಿಲ್ಲ.' ಹೀಗೆ ಎರಡನೆಯ ಬ್ಯಾಟರಿಗೂ ನಾವೇ ದುಡ್ಡು ಕೊಟ್ಟೆವು. ಎರಡೂ ಕಾರಿಗೆ ಹಾಕುವ ಬ್ಯಾಟರಿಗಳು. ಬೋಟಿನ ಅಲುಗಾಟ ತಡೆಯುವ, ಸ್ವಲ್ಪ ಇಳಿದರೂ ಕೆಡದ ಮರೈನ್ ಬ್ಯಾಟರಿ ಕೊಡಿ ಅಂತ ನಾನು ಕೇಳಿದ್ದೆ. ಎಲ್ಲ ಒಂದೇ ಅಂದಿದ್ದರು. ಒಂದೇ ಅಲ್ಲ.

ಕೊನೆಗೆ ಮಂಜೇಶ್ವರ ಬಂದರಿನಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್‌ರನ್ನು ಕರೆದೆವು. ಅವರು ತಂದದ್ದು ಸಾಮಾನ್ಯ ಮಲ್ಟಿಮೀಟರ್. ಹೊರಗೆ ಪೂರ್ತಿ ಚಾರ್ಜ್ ಮಾಡಿಸಿ ತಂದ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಅಂದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಎಂಜಿನ್ ಬಾಡಿಗೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದರು. ಅಲ್ಲಿ ಅರ್ಧ ವೋಲ್ಟ್ ಕೂಡ ಕಳೆಯಬಾರದು. ನಮ್ಮದರಲ್ಲಿ ಸುಮಾರು ಮೂರು ವೋಲ್ಟ್ ಕಳೆಯುತ್ತಿತ್ತು. ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ಅರ್ತ್ ಕೇಬಲ್ ಬಿಚ್ಚಿ ತುದಿಯ ರಬ್ಬರ್ ಸ್ಲೀವ್ ಸೀಳಿದರು. ಹೊರಗೆ ಹೊಳೆಯುವ ಲಗ್ (ಕೇಬಲ್ ತುದಿಯ ಲೋಹದ ಬಳೆ), ಒಳಗೆ ಹಸಿರು ಪುಡಿ. ಬೆರಳಲ್ಲಿ ಒತ್ತಿದರೆ ತಾಮ್ರದ ಎಳೆಗಳು ಮುರಿದು ಉದುರಿದವು. ಹೊಸ ಕೇಬಲ್ ಹಾಕಿದ ಮೇಲೆ ಎಂಜಿನ್ ಒಂದೇ ಏಟಿಗೆ ಎದ್ದಿತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಆಸುಪಾಸು ಬರಬೇಕು. ಬಂದದ್ದು 12.3, ಅದೂ ಇಳಿಯುತ್ತಾ ಹೋಯಿತು. ಡೈನಮೋ ಬಿಚ್ಚಿದಾಗ ಡಯೋಡ್ ಪ್ಲೇಟ್ ಕರಕಲಾಗಿತ್ತು.

ಉಪ್ಪು ನೀರಿನ ಬೋಟಿನಲ್ಲಿ ಮೊದಲು ನೋಡಬೇಕಾದದ್ದೇ ಕೇಬಲ್ ತುದಿಗಳನ್ನು. ಅದು ನಿಮಗೆ ಗೊತ್ತಿಲ್ಲದ ವಿಷಯ ಅಲ್ಲ ಅಲ್ವಾ?

ಇನ್ನು ಡೀಸೆಲ್ ವಿಚಾರ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಶಿರಿಯ ಹೊಳೆಯ ಅಳಿವೆಯಲ್ಲಿ ನಮ್ಮ ಎಂಜಿನ್ ಇದ್ದಕ್ಕಿದ್ದಂತೆ ನಿಂತಿತು. ಅಳಿವೆಯಲ್ಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟನ್ನು ಮಗುಚಲು ಒಂದು ದೊಡ್ಡ ಅಲೆ ಸಾಕು. ಹುಡುಗರು ಉದ್ದದ ಕೋಲು ಊರಿ ಮೂತಿ ತಿರುಗಿಸಿದ್ದರಿಂದ ಬಚಾವಾದೆವು. ಫೋನ್ ಮಾಡಿದರೆ ನಿಮ್ಮವರು ಅದಕ್ಕೂ ಬ್ಯಾಟರಿಯನ್ನೇ ದೂರಿದರು. ಫಿಲ್ಟರಿನ ತಳ ಬಿಚ್ಚಿದಾಗ ಬಂದದ್ದು ನೀರು ಮತ್ತು ಕಪ್ಪು ಲೋಳೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಂತ ಡೀಸೆಲಿನಲ್ಲಿ ನೀರು ಸೇರುವುದು ಮಾಮೂಲು. ಟ್ಯಾಂಕ್ ತೊಳೆದು ಫಿಲ್ಟರ್ ಬದಲಿಸಿ ಅಂತ ಅದಕ್ಕೇ ನಿಮಗೆ ಹೇಳಿದ್ದು. ನಿಮ್ಮ ಬಿಲ್ಲಿನಲ್ಲಿ ಎರಡಕ್ಕೂ ದುಡ್ಡು ಇದೆ. ಆದರೆ ಹೊಸದು ಅಂತ ಬಿಲ್ ಆದ ಫಿಲ್ಟರಿನ ಮೇಲೆ, ಕಳೆದ ವರ್ಷ ನಾನೇ ಮಾರ್ಕರಿನಲ್ಲಿ ಬರೆದ ತಿಂಗಳು, ಇಸವಿ ಹಾಗೆಯೇ ಇವೆ. ಫೋಟೋ ಜೊತೆಗಿಟ್ಟಿದ್ದೇನೆ.

ಇದನ್ನೆಲ್ಲ ಹೇಳಲು ಫೋನ್ ಮಾಡಿದಾಗ, 'ಕೇರಳದ ಬೋಟು ಅಲ್ವಾ, ಅಲ್ಲೇ ಎಲ್ಲಾದರೂ ತೋರಿಸಿ' ಅಂದರು. ಬ್ಯಾಟರಿ ಮಾರುವಾಗ ನಿಮ್ಮ ವ್ಯಾನು ತಲಪಾಡಿ ದಾಟಿ ಬಂದಿತ್ತು. ದೂರು ಕೇಳಲು ಮಾತ್ರ ಗಡಿ ಅಡ್ಡ ಬರುವುದು ಸರಿಯಲ್ಲ. ಕಾಸರಗೋಡಿನ ನಾವು ಪೇಟೆಗೆ ಅಂತ ಮಂಗಳೂರಿಗೇ ಬರುವವರು. ಇಲ್ಲಿನ ಎಷ್ಟೋ ಬೋಟಿನವರು ನಿಮ್ಮನ್ನೇ ನಂಬಿದ್ದಾರೆ.

ನನ್ನ ಬೇಡಿಕೆ ಸ್ಪಷ್ಟ. ಸುಟ್ಟ ಡೈನಮೋವನ್ನು ನಿಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಹಾಕದ ಫಿಲ್ಟರ್, ತೊಳೆಯದ ಟ್ಯಾಂಕ್, ಬೇಡವಾಗಿದ್ದ ಸೆಲ್ಫ್ ಮೋಟಾರ್, ಎರಡನೆಯ ಬ್ಯಾಟರಿ, ಇವುಗಳ ದುಡ್ಡು ವಾಪಸ್ ಬೇಕು. ನಮ್ಮ ಹಳೆಯ ಮೋಟಾರ್ ಮರಳಿಸಬೇಕು. ಮುಂದೆ ಯಾವ ಬೋಟಿಗೆ ಹೋದರೂ ಮೀಟರಿನಲ್ಲಿ ಬಂದ ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆದು ಕೊಡಿ, ಸಾಧ್ಯವಾದರೆ ಕನ್ನಡದಲ್ಲಿ. ಇಂಗ್ಲಿಷ್ ಜಾಬ್ ಕಾರ್ಡಿಗೆ ನಮ್ಮ ಹುಡುಗರು ಸುಮ್ನೆ ಸಹಿ ಹಾಕುತ್ತಾರೆ, ಏನು ಬರೆದಿದೆ ಅಂತ ಅವರಿಗೆ ತಿಳಿಯುವುದಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಬೇರೆ ರಾಜ್ಯದಲ್ಲಿದ್ದರೂ ಅಡ್ಡಿಯಿಲ್ಲ.

ಬಿಲ್ಲುಗಳ ಪ್ರತಿ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ. ತೆಗೆದ ಅರ್ತ್ ಕೇಬಲ್, ಡಯೋಡ್ ಪ್ಲೇಟ್, ಹಳೆಯ ಫಿಲ್ಟರ್ ನನ್ನ ಹತ್ತಿರವೇ ಇವೆ. ನಿಮ್ಮ ಕಡೆಯವರು ಬಂದು ನೋಡಬಹುದು.

ಇತಿ,
ಬೋಟಿನ ಮಾಲೀಕ,
ಕುಂಬಳೆ, ಕಾಸರಗೋಡು ಜಿಲ್ಲೆ