ಸುಳಿ ನೋಡುವ ಕೆಲಸ

ಲ್ಯುಬ್ಲಿಯಾನಾ, ಸ್ಲೊವೇನಿಯಾ

ತೀರ್ಥರೂಪ ಅಪ್ಪನವರಿಗೆ ಶರಣು ಶರಣಾರ್ಥಿಗಳು.

ನಾನು ಇಲ್ಲಿ ಕ್ಷೇಮ. ಅವ್ವನ ಮಂಡಿನೋವು ಇಳಿದಿದೆಯೆಂದು ತಮ್ಮ ತಿಳಿಸಿದ. ಹೋದ ವಾರ ಫೋನಿನಲ್ಲಿ, ದಿನವಿಡೀ ಸೂಕ್ಷ್ಮದರ್ಶಕದಲ್ಲಿ ನೋಡುವುದಾದರೂ ಏನೆಂದು ನೀವು ಕೇಳಿದಾಗ ಹಾರಿಕೆಯ ಉತ್ತರ ಕೊಟ್ಟೆ. ನಿಜವೆಂದರೆ, ಯಾದಗಿರಿಯ ದನದ ಸಂತೆಯಲ್ಲಿ ನೀವು ಹೋರಿಯ ಮೈಮೇಲೆ ಹುಡುಕುತ್ತಿದ್ದುದನ್ನೇ ನಾನೂ ಹುಡುಕುತ್ತಿದ್ದೇನೆ: ಸುಳಿಯನ್ನು.

ನಾನು ಹುಡುಕುವುದು ದ್ರವಸ್ಫಟಿಕದಲ್ಲಿ (ಲಿಕ್ವಿಡ್ ಕ್ರಿಸ್ಟಲ್). ಅದು ಎಣ್ಣೆಯಂತೆ ಹರಿಯುತ್ತದೆ, ಆದರೂ ಅದರ ಕಡ್ಡಿಯಂಥ ಅಣುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸಾಲುಗೂಡಿರುತ್ತವೆ. ನಾನು ಬಳಸುವ ಬಗೆಯದು ಸುಮಾರು 35 ಡಿಗ್ರಿ ದಾಟಿದರೆ ಸಾದಾ ದ್ರವವಾಗಿಬಿಡುತ್ತದೆ. ನಮ್ಮೂರಿನ ಬೇಸಿಗೆಯಲ್ಲಿ ಅದಕ್ಕೆ ಉಳಿಗಾಲವಿಲ್ಲ. ಅದರ ತೆಳುಪದರವನ್ನು ಅಡ್ಡ ಉದ್ದ ಇಟ್ಟ ಎರಡು ಪೋಲರೈಸರ್‌ಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ನೋಡಿದರೆ, ಬಣ್ಣದ ನೆಲದ ಮೇಲೆ ಕಪ್ಪು ಕುಂಚದೆಳೆಗಳು ಹರಡಿ ಅಲ್ಲಲ್ಲಿ ಒಂದೊಂದು ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವೇ ಸುಳಿ. ನಾಲ್ಕು ಎಳೆ ಕೂಡಿದರೆ ಪೂರ್ಣ ಸುಳಿ, ಎರಡೇ ಕೂಡಿದರೆ ಅರ್ಧ ಸುಳಿ.

ಹೋರಿಯ ಮೈಮೇಲೆ ಅರ್ಧ ಸುಳಿ ನಿಮಗೆಂದೂ ಸಿಕ್ಕಿರಲಾರದು. ಕೂದಲಿಗೆ ಬುಡ ತುದಿಗಳಿರುವುದರಿಂದ, ಬಿಂದುವನ್ನು ಒಂದು ಸುತ್ತು ಬಳಸಿ ಬರುವಷ್ಟರಲ್ಲಿ ಅದರ ದಿಕ್ಕು ಪೂರ್ತಿ ತಿರುಗಿ ಮೊದಲಿನಂತಾಗಲೇಬೇಕು. ದ್ರವಸ್ಫಟಿಕದ ಸಾಲುಗಳಿಗೆ ತಲೆ ಬಾಲಗಳ ಭೇದವಿಲ್ಲ, ಆದ್ದರಿಂದ ಅರ್ಧ ತಿರುಗಿದರೂ ಸಾಕು. ನಿಮ್ಮ ಹೆಬ್ಬೆರಳಿನ ಗೆರೆಗಳೂ ಹಾಗೆಯೇ: ಗೆರೆ ಕುಣಿಕೆಯಾಗಿ ಬಾಗಿ ಮರಳುವಲ್ಲಿ ಒಂದು ಅರ್ಧ ಸುಳಿ, ಮೂರು ಕಡೆಯ ಗೆರೆಗಳು ಕೂಡುವಲ್ಲಿ ಅದಕ್ಕೆ ಎದುರು ದಿಕ್ಕಿಗೆ ತಿರುಗುವ ಅರ್ಧ ಸುಳಿ. (ಪಡಿತರ ಅಂಗಡಿಯ ಯಂತ್ರ ಎರಡನ್ನೂ ಕಾಣದೆ ನಿಮ್ಮನ್ನು ಬರಿಗೈಲಿ ಕಳಿಸಿದ್ದನ್ನು ನಾನು ಮರೆತಿಲ್ಲ.)

ಮೊನ್ನೆ ಇಂಥ ಎದುರುಬದುರಿನ ಜೋಡಿಯೊಂದನ್ನು ಊಟ ಬಿಟ್ಟು ನೋಡುತ್ತ ಕುಳಿತೆ. ದೂರವಿದ್ದಾಗ ತೆವಳಿದವು, ಹತ್ತಿರವಾದಂತೆ ಧಾವಿಸಿದವು, ಕೂಡಿದೊಡನೆ ಎರಡೂ ಇಲ್ಲವಾದವು. ಆ ಜಾಗದಲ್ಲಿ ಕಡ್ಡಿಗಳು ಏನೂ ಆಗದವರಂತೆ ಸಾಲಾಗಿ ನಿಂತವು. ಒಂಟಿ ಸುಳಿಯನ್ನಾದರೋ ಎಷ್ಟು ಬಾಚಿದರೂ ಅಳಿಸಲಾಗದು, ಪಕ್ಕಕ್ಕೆ ಸರಿಸಬಹುದಷ್ಟೆ. ದಪ್ಪ ಪದರದಲ್ಲಿ ಸುಳಿಯೇ ದಾರದಂತೆ ಉದ್ದಕ್ಕೆ ಬೆಳೆಯುತ್ತದೆ. 2011ರಲ್ಲಿ ಇಲ್ಲಿಯ ವಿಜ್ಞಾನಿಗಳು ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳ ಸುತ್ತ ಅಂಥ ದಾರಗಳನ್ನು ಲೇಸರ್ ಕಿರಣದಿಂದ ಬಿಡಿಸಿ, ಮತ್ತೆ ಜೋಡಿಸಿ, ಗಂಟು ಹಾಕಿ ತೋರಿಸಿದ್ದರು. ಆ ಕೈಚಳಕ ನನಗಿನ್ನೂ ಒಲಿದಿಲ್ಲ.

ಹಣೆಯ ಮೇಲೆ ಜೋಡಿ ಸುಳಿಯಿರುವ ಹೋರಿ ಕಂಡರೆ ತಮ್ಮನಿಂದ ಹತ್ತಿರದ ಫೋಟೋ ತೆಗೆಸಿ ಕಳಿಸಿರಿ. ಎರಡರ ನಡುವೆ ಕೂದಲು ಎದುರಾಗಿ ಬಂದು ಕವಲೊಡೆಯುವ ಜಾಗವೊಂದು ಇರಲೇಬೇಕು, ಅದು ನನಗೆ ಬೇಕು.

ನಿಮ್ಮ ಮಗಳು