ಕೆಡಿಸುವ ಕೈ ಎಂದು ಬರೆದೆಯಲ್ಲ

ಮೂಡಿಗೆರೆ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರವೇ ಕೈಸೇರಿತು. ಇಲ್ಲಿನ ಸಮಾಚಾರವನ್ನೆಲ್ಲ ನಿನ್ನ ದೊಡ್ಡಮ್ಮ ಫೋನಿನಲ್ಲಿ ಹೇಳಿಯಾಗಿದೆ, ಅದನ್ನೇ ಮತ್ತೆ ಬರೆಯುವುದಿಲ್ಲ. ನಾನು ಕೊಟ್ಟ ಮರದಲ್ಲಿ ನೀನು ಮಾಡುತ್ತಿರುವ ಬಿಲ್ಲಿನ ವಿಷಯಕ್ಕೆ, ನಾಲ್ಕು ಪುಟದ ಕಾಗದದಲ್ಲಿ ಮೂರನೆಯ ಪುಟದ ಕೊನೆಗೆ ಹೀಗೆ ಬರೆದಿದ್ದೀಯೆ: "ಮೂರು ವಾರದಿಂದ ಬಿಲ್ಲನ್ನು ಮುಟ್ಟಿಲ್ಲ ದೊಡ್ಡಪ್ಪ. ಇನ್ನೊಂದು ಸಲ ಕೆರೆದರೆ ಹೆಚ್ಚಾಗಿಬಿಡುತ್ತದೆ ಎಂಬ ಭಯ. ನನ್ನದು ಕೆಡಿಸುವ ಕೈ." ಉಳಿದದ್ದನ್ನೆಲ್ಲ ಒಂದು ಸಲ ಓದಿದೆ. ಈ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೂರು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಆ ಮಾತು ನಿನ್ನದಲ್ಲ, ಮಗಳೇ. ಅದು ಎಲ್ಲಿಂದ ಹೊರಟಿತೆಂದು ನನಗೆ ಗೊತ್ತು. ಅದನ್ನು ಬರೆಯಲು ಸ್ವಲ್ಪ ಧೈರ್ಯ ಬೇಕು, ಆದ್ದರಿಂದ ಮೊದಲು ಮರದ ವಿಷಯ ಬರೆಯುತ್ತೇನೆ.

ಕೆರೆದು ತೆಗೆದದ್ದನ್ನು ಮತ್ತೆ ಅಂಟಿಸಲಾಗದು ಎಂದಿದ್ದೀಯೆ. ಒಪ್ಪಿದೆ. ಆದರೆ ಹೆಚ್ಚು ತೆಗೆದರೆ ಏನಾಗುತ್ತದೆ ಎಂಬುದನ್ನು ನೀನು ಯೋಚಿಸಿದಂತಿಲ್ಲ. ಭಯ ಅಲ್ಲಿಯವರೆಗೆ ಹೋಗಲು ಬಿಡುವುದಿಲ್ಲ. ಬಿಲ್ಲಿನ ಎರಡೂ ತೋಳುಗಳಲ್ಲಿ, ಎಂದರೆ ಹಿಡಿಯ ಆಚೆ ಈಚೆಯ ಎರಡು ಭಾಗಗಳಲ್ಲಿ, ಸಮನಾಗಿ ಹೆಚ್ಚು ತೆಗೆದರೆ ಬಿಲ್ಲು ಮುರಿಯುವುದಿಲ್ಲ, ಮೆದುವಾಗುತ್ತದೆ. 35 ಪೌಂಡಿನ, ಎಂದರೆ ಪೂರ್ತಿ ಎಳೆಯಲು ಅಷ್ಟು ಬಲ ಬೇಡುವ, ಬಿಲ್ಲು ಮಾಡಲು ಹೊರಟವಳ ಕೈಯಲ್ಲಿ 25 ಪೌಂಡಿನ ಬಿಲ್ಲು ಉಳಿಯುತ್ತದೆ. ಮೊದಲ ಬಿಲ್ಲಿಗೆ ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಬಾಣ ಬಿಡಲು ಕಲಿಯುವವಳ ಭುಜಕ್ಕೂ ಅದೇ ಹಿತ.

ಒಂದೇ ಜಾಗದಲ್ಲಿ ಹೆಚ್ಚು ತೆಗೆದರೆ ಮಾತ್ರ ಅಲ್ಲಿ ಮೊಣಕೈಯಂತೆ ಮಡಚಿಕೊಳ್ಳುತ್ತದೆ. ನಿನ್ನ ಬಿಲ್ಲಿನ ಎಡತೋಳಿನಲ್ಲಿ, ಹಿಡಿಯಿಂದ ಒಂದು ಗೇಣು ಆಚೆ, ಹಾಗೆ ಆಗಿರಬಹುದೆಂದು ನಿನ್ನ ಚಿತ್ರ ನೋಡಿದರೆ ಅನಿಸುತ್ತದೆ. ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಅಲ್ಲಿ ಇನ್ನು ಕೈ ಇಡಬೇಡ. ಅದರ ಆಚೆ ಈಚೆ, ಮತ್ತು ಬಲತೋಳಿನಲ್ಲಿ ಉದ್ದಕ್ಕೂ, ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಬಾ. ಉಳಿದ ಮರವೆಲ್ಲ ಅದರ ಜೊತೆ ಬಾಗಲು ಶುರುಮಾಡಿದರೆ ಆ ಒಂದು ಜಾಗದ ಮೇಲಿನ ಭಾರ ತಾನಾಗಿ ಇಳಿಯುತ್ತದೆ. ಬಲ ಕಡಿಮೆಯಾಗುತ್ತದೆ, ಆಗಲಿ. ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತ ಅಭ್ಯಾಸಕ್ಕೆ ಇದನ್ನೂ ಹೇಳಿಬಿಡುತ್ತೇನೆ: ಅಗಲವನ್ನು ಅರ್ಧ ಮಾಡಿದರೆ ಬಿಗಿ ಅರ್ಧವಾಗುತ್ತದೆ, ದಪ್ಪವನ್ನು ಅರ್ಧ ಮಾಡಿದರೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು ಹೋದರೂ ಬಿಗಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಹಾಗಾಗಿ ನೀನು ಹೆದರಿದ್ದಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಿನ್ನ ಕೈಗೆ ಮರದ ಆ ಸೂಕ್ಷ್ಮ ತಿಳಿದಿದೆ, ಅದಕ್ಕೇ ನಿಂತಿದೆ. ಕೆಡಿಸುವ ಕೈ ಹಾಗೆ ನಿಲ್ಲುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಈಗ ಬರೆಯುತ್ತೇನೆ.

1979ರ ದಸರಾ ರಜೆ. ನಾನು ಹಾಸನದ ಕಾಲೇಜಿನಿಂದ ಬಂದಿದ್ದೆ, ನಿನ್ನ ಅಪ್ಪನಿಗೆ ಹನ್ನೆರಡು ವರ್ಷ. ಹಳ್ಳದ ಬದಿಯ ಗಟ್ಟಿಬಿದಿರಿನ ಒಂದು ದಬ್ಬೆಯನ್ನು ಬೇಸಿಗೆಯಿಂದಲೂ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಒಣಗಿಸಿಕೊಂಡಿದ್ದ. ಹುಡುಗನಿಗೆ ಅದನ್ನು ಯಾರು ಹೇಳಿಕೊಟ್ಟರೋ ಕಾಣೆ. ದಿನಾ ಸಂಜೆ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಒಡೆದ ಗಾಜಿನ ಚೂರಿನಿಂದ ಒಳಮೈಯನ್ನು ಕೆರೆಯುತ್ತಿದ್ದ. ಗಾಜಿನಡಿಯಿಂದ ಬಿದಿರಿನ ಹೊಟ್ಟು ತೆಳ್ಳಗೆ, ಕೊಬ್ಬರಿ ತುರಿಯಂತೆ, ಅವನ ತೊಡೆಯ ಮೇಲೆ ಬೀಳುತ್ತಿತ್ತು. ನಾಲ್ಕು ಸಲ ಕೆರೆದು ಒಂದು ಸಲ ಮಂಡಿಗೆ ಒತ್ತಿ ಬಾಗಿಸಿ ನೋಡುವುದು, ಮತ್ತೆ ನಾಲ್ಕು ಸಲ ಕೆರೆಯುವುದು. ಈಗ ನೆನೆಸಿಕೊಂಡರೆ ಅದಕ್ಕಿಂತ ಸರಿಯಾದ ಕೆಲಸವಿಲ್ಲ.

ನನಗೆ ತಾಳ್ಮೆಯಿರಲಿಲ್ಲ. ಹೀಗೆ ಗೀರುತ್ತಾ ಕುಳಿತರೆ ಮುಂದಿನ ದಸರಾಕ್ಕೂ ಆಗುವುದಿಲ್ಲ ಎಂದು ಕೈಯಿಂದ ಕಿತ್ತುಕೊಂಡೆ. ಬಡಗಿಯವನು ಕಣದ ಮನೆಯಲ್ಲಿ ಬಿಟ್ಟುಹೋಗಿದ್ದ ಉಜ್ಜುಗೊರಡು ತಂದೆ. ಗೆಣ್ಣುಗಳು ಉಬ್ಬಿಕೊಂಡು ಅಸಹ್ಯವಾಗಿ ಕಾಣುತ್ತಿವೆಯೆಂದು ಹೊರಮೈಯನ್ನೇ ನುಣ್ಣಗೆ ಮಾಡಿದೆ. ಬಿದಿರಿನ ಬಲವೆಲ್ಲ ಆ ಹೊರಚರ್ಮಕ್ಕೆ ತಾಗಿದ ನಾರಿನಲ್ಲಿದೆ. ಬಿಲ್ಲು ಬಾಗಿದಾಗ ಎಳೆತವನ್ನು ತಡೆಯುವುದು ಅದೇ. ಅದನ್ನು ಗೆಣ್ಣಿನ ಹತ್ತಿರ ಕಡಿದಮೇಲೆ ಉಳಿಯುವುದೇನು? ಹೆದೆಯೇರಿಸಿ, ಒಂದೇ ಸಲಕ್ಕೆ ಕಿವಿಯವರೆಗೆ ಎಳೆದೆ. ಮೂರನೆಯ ಗೆಣ್ಣಿನಲ್ಲಿ ಮುರಿಯಿತು. ಒಂದು ಚೂರು ಅವನ ಹುಬ್ಬಿನ ಮೇಲೆ ತಾಗಿತು. ಆ ಗಾಯದ ಗುರುತಿಗೆ ಮನೆಯಲ್ಲಿ ಹೇಳುವ ಕಾರಣ ಬೇರೆ ಇದೆ, ನೀನು ಕೇಳಿರುತ್ತೀಯೆ. ನಿಜವಾದ ಕಾರಣ ಇದು.

ಇಷ್ಟಾದಮೇಲೆ ನಾನು ಆಡಿದ ಮಾತು: "ಮೊದಲೇ ನೀನು ಕೆಡಿಸಿಟ್ಟಿದ್ದೆ. ನಿನ್ನದು ಕೆಡಿಸುವ ಕೈ."

ಅವನು ಅಳಲಿಲ್ಲ. ಚೂರುಗಳನ್ನು ಆರಿಸಿ ಒಲೆಯ ಪಕ್ಕದಲ್ಲಿ ಇಟ್ಟ. ಅಂದಿನಿಂದ ಅವನು ಕತ್ತಿ ಬಿಟ್ಟರೆ ಬೇರೆ ಹತಾರ ಹಿಡಿದದ್ದನ್ನು ನಾನು ಕಂಡಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಬಡಗಿಯನ್ನು ಕರೆಯುತ್ತಾನೆಂದು ನಾವೆಲ್ಲ ನಗುತ್ತೇವೆ, ನಾನೂ ನಕ್ಕಿದ್ದೇನೆ. "ನನ್ನದು ಕೆಡಿಸುವ ಕೈ" ಎಂದು ಅವನು ಹೇಳಿಕೊಳ್ಳುವುದನ್ನು ನೀನು ಚಿಕ್ಕಂದಿನಿಂದ ಕೇಳುತ್ತಾ ಬೆಳೆದೆ. ಈಗ ಅದೇ ಮಾತು ನಿನ್ನ ಅಕ್ಷರದಲ್ಲಿ ನನ್ನ ಮನೆಗೇ ಬಂದಿದೆ.

ತಪ್ಪು ನನ್ನ ಗೊರಡಿನದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದಾಗ, ಬಿಲ್ಲು ಹಿಡಿದ ಬೇಟೆಗಾರ್ತಿ ಮದನಿಕೆಯ ಕೆಳಗೆ ನಿಂತು, ಬಾಗಿದ ವಸ್ತುವಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ ಎಂದು ಪಾಠದ ಮಾತನ್ನು ಹೇಳುತ್ತಿದ್ದೆ. ಹೇಳುತ್ತಿದ್ದಂತೆಯೇ ಆ ಜಗಲಿ ಕಣ್ಣಮುಂದೆ ಬಂತು. ಮಾತು ಅಲ್ಲಿಗೇ ನಿಂತಿತು. ಬಿಸಿಲಿಗೆ ಹೀಗಾಯಿತೆಂದು ಮಕ್ಕಳು ನೀರು ತಂದುಕೊಟ್ಟರು. ಅಂದೇ ಮನೆಗೆ ಬಂದು ನಿನ್ನ ಅಪ್ಪನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ನಿನಗೆ ತಡಸಲಿನ ಕೊಂಬೆ ಕೊಟ್ಟದ್ದೂ ಅದೇ ಭಾರಕ್ಕೆ ಇರಬೇಕು. ಪುನರ್ವಸು ಮಳೆಯ ಗಾಳಿಗೆ ಬಿದ್ದದ್ದನ್ನು ಸೀಳಿಸಿ, ತುದಿಗಳಿಗೆ ಮೇಣ ಬಳಿದು, ಅಟ್ಟದಲ್ಲಿ ಒಂದೂವರೆ ವರ್ಷ ಕಾದಿಟ್ಟೆ. ಮೊದಲಿನಿಂದ ಗಾಡಿಯ ಮೂಕಿಗೆ, ಹತಾರದ ಹಿಡಿಗೆ ಹುಡುಕಿಕೊಂಡು ಹೋಗುತ್ತಿದ್ದ ಮರ ಅದು; ಬಳುಕುತ್ತದೆ, ಬೇಗ ಮುರಿಯುವುದಿಲ್ಲ. ತೊಗಟೆ ಸುಲಿದಾಗ ಕಂಡ ಮೈಯನ್ನು ಹಾಗೆಯೇ ಹೊರಮೈಯಾಗಿ ಬಿಟ್ಟಿದ್ದೇನೆ ಎಂದು ಬರೆದೆಯಲ್ಲ, ಅದನ್ನು ಓದಿ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಅಲ್ಲಿ ಗಂಟು ಉಬ್ಬಿದ್ದರೂ ಇರಲಿ. ಉಪ್ಪುಕಾಗದದಲ್ಲಿ ಮೆಲ್ಲಗೆ ಸವರುವುದಕ್ಕಿಂತ ಹೆಚ್ಚು ಏನೂ ಬೇಡ.

ಇನ್ನು ಕೆಲವು ಮಾತು. ಇವನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ಬೇಕಾದರೆ ತೆಗೆದುಕೋ. ಮಳೆಗಾಲದ ದಿನಗಳಲ್ಲಿ ಬಾಗಿಸಿ ನೋಡಬೇಡ. ಇಲ್ಲಂತೂ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಹಾಸನ ಅಷ್ಟು ತೇವವಲ್ಲದಿದ್ದರೂ ಮರ ಗಾಳಿಯ ನೀರನ್ನು ಕುಡಿಯುತ್ತದೆ, ಹಾಗೆ ತೇವ ಹಿಡಿದ ಬಿಲ್ಲು ಬಾಗಿದಲ್ಲೇ ನಿಂತುಬಿಡುತ್ತದೆ. ವಾರಕ್ಕೊಮ್ಮೆ ತೂಗು, ತೂಕ ಇಳಿಯುವುದು ನಿಂತಮೇಲೆ ಕೆಲಸ ಮುಂದುವರಿಸು. ನಿನ್ನ ಎಳೆತ 26 ಅಂಗುಲ ಎಂದಿದ್ದೀಯೆ, ಬಿಲ್ಲಿನ ಉದ್ದ 66 ಅಂಗುಲ ಇದೆ, ಅದನ್ನು ಕತ್ತರಿಸಲು ಹೋಗಬೇಡ. ಪ್ರತಿ ಸಲ ಕೆರೆದಮೇಲೆ ಇಪ್ಪತ್ತು ಮೂವತ್ತು ಸಲ ಸ್ವಲ್ಪವೇ ಎಳೆದು ಬಿಡಬೇಕು, ಆಗಲೇ ಮರ ತಾನು ಎಷ್ಟು ಬದಲಾಯಿತೆಂದು ತೋರಿಸುತ್ತದೆ. ಬಿಡುವುದು ಎಂದರೆ ಹೆದೆಯನ್ನು ಕೈಯಿಂದ ಜಾರಿಸುವುದಲ್ಲ, ಹಿಡಿದೇ ಹಿಂದಕ್ಕೆ ತರುವುದು. ಬಾಣವಿಲ್ಲದೆ ಹೆದೆ ಬಿಟ್ಟರೆ ಚೆನ್ನಾಗಿರುವ ಬಿಲ್ಲೂ ಸೀಳಿಹೋದೀತು. ಟಿಕ್ ಎಂಬ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ ಹೊರಮೈಯಲ್ಲಿ ನಾರು ಎದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡು.

ಮುರಿದರೆ? ನೀನು ಕೇಳಿಲ್ಲ, ಆದರೆ ಮೂರು ವಾರ ಅದನ್ನೇ ಯೋಚಿಸಿದ್ದೀಯೆ ಎಂದು ಗೊತ್ತು. ಮುರಿಯಬಹುದು. ನೀನು ಎಲ್ಲ ಸರಿಯಾಗಿ ಮಾಡಿದರೂ ಒಳಗೆ ಕಾಣದ ಬಿರುಕಿದ್ದರೆ ಮುರಿಯಬಹುದು. ಅದೇ ಕೊಂಬೆಯ ಇನ್ನೊಂದು ಸೀಳು ಅಟ್ಟದಲ್ಲಿದೆ, ಅದನ್ನು ನಿನಗೆಂದೇ ಇಟ್ಟಿದ್ದೇನೆ. ಮುರಿದ ದಿನ ಯಾರೂ ನಿನಗೆ ಆ ಮಾತು ಹೇಳಕೂಡದು. ನೀನೂ ಹೇಳಿಕೊಳ್ಳಕೂಡದು.

ಮುಂದಿನ ಕೆಲಸಕ್ಕೆ ಇಬ್ಬರು ಬೇಕಾಗುತ್ತದೆ. ಬಿಲ್ಲನ್ನು ಗೋಡೆಯ ಗೂಟಕ್ಕೆ ಅಡ್ಡಲಾಗಿ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ಕೆಳಗಿನ ರಾಟೆಯಲ್ಲಿ ಹಾಯಿಸಿ ದೂರದಿಂದ ಒಬ್ಬರು ಎಳೆಯಬೇಕು. ಎರಡು ತೋಳೂ ಒಂದೇ ತೆರನಾಗಿ ಬಾಗುತ್ತಿವೆಯೇ ಎಂದು ಇನ್ನೊಬ್ಬರು ಎದುರಿಗೆ ಹತ್ತು ಅಡಿ ಆಚೆ ನಿಂತು ನೋಡಬೇಕು. ಕಾಫಿ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಗ್ಗಕ್ಕೆ ಸೇರಿಸಿದರೆ ಎಳೆತದ ಲೆಕ್ಕವೂ ಸಿಗುತ್ತದೆ. 12 ಕಿಲೋಗಿಂತ ಮೇಲೆ ಹೋಗುವುದು ಬೇಡ. ತಕ್ಕಡಿಯನ್ನು ನಾಳೆ ಬೆಳಗಿನ ಬಸ್ಸಿನಲ್ಲಿ ಕಳಿಸುತ್ತೇನೆ.

ನೋಡುವುದು ನೀನೇ. ಹಗ್ಗ ಎಳೆಯಲು ಅಪ್ಪನನ್ನು ಕರೆ. ನನ್ನಿಂದಾಗದು ಎನ್ನುತ್ತಾನೆ. ಆಗ ಈ ಕಾಗದವನ್ನು ಅವನ ಕೈಗೆ ಕೊಡು. ಎದುರಿಗೆ ಕುಳಿತು ನಾನೇ ಹೇಳಬೇಕಾದದ್ದು, ದೀಪಾವಳಿಗೆ ಬಂದಾಗ ಹೇಳುತ್ತೇನೆ. ಅಲ್ಲಿಯವರೆಗೆ ಕಾಯಿಸುವುದು ಬೇಡ ಎಂದು ಬರೆದಿದ್ದೇನೆ.

ಇಂತಿ,
ನಿನ್ನ ದೊಡ್ಡಪ್ಪ