ಅಪ್ಪನಿಗೆ ಯಾರಿದ್ದಾರೆ ಅಂತ ಕೇಳಿದ್ದೀಯಲ್ಲ

ಪುಟ್ಟೀ,

ಛತ್ರ, ಸೀರೆ, ವೀಸಾ ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದು ಬಿಡು. ಕೊನೆಯಲ್ಲಿ ಬರೆದಿದ್ದೀಯಲ್ಲ, "ಮದುವೆಗೆ ಮುಂಚೆ ಶ್ರೀವಿಲ್ಲಿಪುತ್ತೂರಿನ ಆಂಡಾಳ್ ಗುಡಿಗೆ ಹೋಗಿ ಬಾ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆಂಡಾಳೂ ಅಪ್ಪನ್ನ ಒಂಟಿಯಾಗಿ ಬಿಟ್ಟು ಹೋದವಳೇ ಅಲ್ವಾ ಅತ್ತೆ, ನಾನು ಹೋದ ಮೇಲೆ ಅಪ್ಪನಿಗೆ ಯಾರಿದ್ದಾರೆ" ಅಂತ. ಅದನ್ನು ಓದಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಬಿಟ್ಟು ಹೋದದ್ದು ನಿಜ. ವಿಷ್ಣುಚಿತ್ತರು, ಅಂದರೆ ಪೆರಿಯಾಳ್ವಾರರು, ತುಳಸಿ ಬುಡದಲ್ಲಿ ಸಿಕ್ಕ ಮಗುವನ್ನು ಕೋದೈ ಅಂತ ಕರೆದು ಸಾಕಿದರು, ಅವಳೇ ಆಂಡಾಳ್. ಅವಳು ಶ್ರೀರಂಗಕ್ಕೆ ಹೋಗಿ ರಂಗನಾಥನನ್ನು ಸೇರಿದಳು. ವಿಷ್ಣುಚಿತ್ತರದೊಂದು ಪಾಶುರ, ಅಂದರೆ ತಮಿಳು ಭಕ್ತಿಪದ್ಯ, ಇದೆ, ತಾಯಿಯ ದನಿಯಲ್ಲಿ. ಒಬ್ಬಳೇ ಮಗಳು, ಲಕ್ಷ್ಮಿಯ ಹಾಗೆ ಬೆಳೆಸಿದೆ, ಆ ದೇವರು ಕರೆದುಕೊಂಡು ಹೋದ ಅನ್ನೋ ಅರ್ಥದ್ದು. ಅದು ಕೋದೈಗಾಗಿ ಪಟ್ಟ ಸಂಕಟ ಅಂತಲೇ ನಮ್ಮಲ್ಲಿ ಹೇಳುತ್ತಾರೆ. ಹಾಗಾಗಿ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ನಿಮ್ಮಪ್ಪನಿಗೆ ಆ ಮನೆ ಸ್ವಲ್ಪ ದಿನ ತುಂಬಾ ದೊಡ್ಡದು ಅನ್ನಿಸುತ್ತೆ.

ಆದರೆ ಶ್ರೀವಿಲ್ಲಿಪುತ್ತೂರಿನ ಗರ್ಭಗುಡಿಯಲ್ಲಿ ಸರಿಯಾಗಿ ನೋಡು ಪುಟ್ಟೀ. ಬೇರೆ ಕಡೆ ಗರುಡ ಎದುರಿಗೆ ದೂರದಲ್ಲಿರುತ್ತಾನೆ. ಅಲ್ಲಿ ಹಾಗಲ್ಲ. ರಂಗನಾಥ ರಂಗಮನ್ನಾರ್ ಅನ್ನೋ ಹೆಸರಲ್ಲಿ ಮದುಮಗನಾಗಿ ನಿಂತಿದ್ದಾನೆ, ಪಕ್ಕದಲ್ಲಿ ಆಂಡಾಳ್, ಅವರ ಜೊತೆಗೇ ಕೈಮುಗಿದುಕೊಂಡು ಗರುಡ. ಪೆರಿಯಾಳ್ವಾರರು ಗರುಡನ ಅಂಶ ಅಂತಾರಲ್ಲ, ನನಗಂತೂ ಅಲ್ಲಿ ಕಾಣೋದು ಮಗಳು ಅಳಿಯನ ಪಕ್ಕ ನಿಂತಿರೋ ಅಪ್ಪನೇ.

ಆಂಡಾಳ್ ಹಾಡಿದ ತಿರುಪ್ಪಾವೈಯ 30ನೇ ಪಾಶುರವನ್ನು ಧನುರ್ಮಾಸದಲ್ಲಿ ಎಷ್ಟು ಸಲ ಹೇಳಿದ್ದೀವಿ. ಅದರಲ್ಲಿ ಅವಳು ತನ್ನನ್ನು ಪಟ್ಟರ್‌ಪಿರಾನ್ ಕೋದೈ ಅಂತ ಕರೆದುಕೊಂಡಿದ್ದಾಳೆ, ಅಪ್ಪನ ಹೆಸರು ಹಿಡಿದೇ. ಮನಸ್ಸೆಲ್ಲ ಕೃಷ್ಣನ ಹತ್ತಿರ ಇಟ್ಟವಳು ಅಪ್ಪನನ್ನು ಬಿಟ್ಟುಕೊಟ್ಟಿಲ್ಲ.

ನನ್ನ ವಿಷಯ ಹೇಳ್ತೀನಿ. ಮದುವೆಯಾಗಿ ನಾಗಪುರಕ್ಕೆ ಹೋದ ಮೇಲೆ ನಿನ್ನ ತಾತ ಕಾರ್ಡು ಬರೆಯುತ್ತಿದ್ದರು. ಮಳೆ ಬಂತು, ಪಕ್ಕದ ಮನೆ ಹಸು ಕರು ಹಾಕಿತು, ಅಷ್ಟೇ. ನಾನೂ ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆದು ಸುಮ್ನಾಗುತ್ತಿದ್ದೆ. ಅವರು ಸಂಜೆ ಹೊತ್ತು ಕೈಚೀಲ ಹಿಡಿದು ಅಂಗಡಿಬೀದಿಗೆ ಹೋಗಿ, ಏನೂ ತಗೊಳ್ಳದೆ, ದೀಪ ಹಚ್ಚೋ ಹೊತ್ತು ದಾಟಿದ ಮೇಲೆ ಮನೆಗೆ ಬರುತ್ತಿದ್ದರಂತೆ. ಅವರು ತೀರಿಹೋದ ಮೇಲೆ ಬೀದಿಯವರು ಹೇಳಿದರು. ಸಂಜೆ ಏನು ಮಾಡ್ತೀರಿ ಅಪ್ಪಾ ಅಂತ ಒಂದು ಸಲ ಕೇಳಬೇಕಿತ್ತು. ಅದು ಈಗಲೂ ಕೊರೆಯುತ್ತೆ.

ನೀನು ನಿಮ್ಮಪ್ಪನನ್ನು ಕೇಳು. ಊಟ ಆಯ್ತಾ ಅಂತ ಕೇಳಿದರೆ ಆಯ್ತು ಅಂತಾನೆ, ಅವನ ಸ್ವಭಾವ ನಿನಗೆ ಗೊತ್ತು. ಸಂಜೆ ಎಲ್ಲಿಗೆ ಹೋಗಿದ್ದೆ ಅಂತ ಕೇಳು. ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಬರೆದೆ.

ಇನ್ನೊಂದು. ನೂರು ಗಡಿಗೆ ಬೆಣ್ಣೆ, ನೂರು ಗಡಿಗೆ ಅಕ್ಕಾರವಡಿಸಲ್ ಅನ್ನೋ ಸಿಹಿ ಅನ್ನ ಮಧುರೈ ಹತ್ತಿರದ ಅಳಗರ್ ಸ್ವಾಮಿಗೆ ಒಪ್ಪಿಸ್ತೀನಿ ಅಂತ ಆಂಡಾಳ್ ಹಾಡಿದ್ದಳು. ಅವಳಿಂದ ಉಳಿದದ್ದನ್ನು ಎಷ್ಟೋ ಕಾಲದ ಮೇಲೆ ರಾಮಾನುಜರು, ನಮ್ಮ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದವರು, ಒಪ್ಪಿಸಿದರು. ಆಮೇಲೆ ಶ್ರೀವಿಲ್ಲಿಪುತ್ತೂರಿಗೆ ಬಂದಾಗ ಅವಳು ಅವರನ್ನು ಅಣ್ಣಾ ಅಂತ ಕರೆದಳಂತೆ. ನೀನು ಮಾಡಲಾಗದ್ದು ಏನಾದರೂ ಇಲ್ಲಿ ಉಳಿದರೆ ನಾನಿಲ್ವಾ? ಅವನು ನನ್ನ ತಮ್ಮ ಕಣೇ. ಮಂಡಿ ನೋವಿದೆ ನಿಜ, ಆದರೆ ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇರೋದು ನನಗೆ ಕಷ್ಟವಲ್ಲ.

ಆಗುವುದಾದರೆ ಅವನನ್ನೂ ಕರೆದುಕೊಂಡು ಗುಡಿಗೆ ಹೋಗು, ಒಬ್ಬಳೇ ಬೇಡ. ಮೈಸೂರಿಂದ ತೂತುಕುಡಿ ರೈಲು ಮಧುರೈ ಮೇಲೆ ಹೋಗುತ್ತೆ, ಅಲ್ಲಿಂದ ಬಸ್ಸಿನಲ್ಲಿ ಸುಮಾರು 75 ಕಿಲೋಮೀಟರ್. ಆಂಡಾಳ್ ಎಡಗೈಯಲ್ಲಿರೋ ಗಿಳಿಯನ್ನು ಅವನಿಗೆ ತೋರಿಸು. ದಿನಾ ಹೊಸದಾಗಿ ಎಲೆಗಳಲ್ಲಿ ಕಟ್ಟುತ್ತಾರೆ, ಕೊಕ್ಕಿಗೆ ದಾಳಿಂಬೆ ಹೂವು. ಅವನಿಗೆ ಹೂ ಕಟ್ಟೋದು ಚೆನ್ನಾಗಿ ಬರುತ್ತೆ, ಅಲ್ಲಿ ನಿಂತು ಹೇಗೆ ಮಾಡಿದ್ದಾರೆ ಅಂತ ವಿಚಾರಿಸದೆ ಬರಲ್ಲ. ಆಂಡಾಳ್ ಹುಟ್ಟಿದ ದಿನದ ಹಬ್ಬ ಆಡಿಪೂರದ ರಥೋತ್ಸವದ ಸಮಯದಲ್ಲಿ ಜನ ಜಾಸ್ತಿ, ಆಗ ಬೇಡ. ಟಿಕೆಟ್ ಮಾಡಿಸುವಾಗ ಅವನಿಗೆ ಕೆಳಗಿನ ಬರ್ತ್ ಕೇಳು, ಅವನು ತಾನಾಗಿ ಕೇಳುವುದಿಲ್ಲ.

ನಿನ್ನ ಅತ್ತೆ